ಏನಂದ್ರು ಅಂತ ಅವ್ವ ಕೇಳತಾಳ

ಮನೆಯಲ್ಲಿ ಅವ್ವ ದಿನಾ ಒಂದೇ ಮಾತು ಕೇಳುತ್ತಾಳೆ. ‘ಏನಂದ್ರಪ್ಪಾ ಅವರು?’

ಅವರು ಅಂದರೆ ಯಾರು ಅಂತ ಅವ್ವನಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ. ಮೊಬೈಲಿನಲ್ಲಿ ಅರ್ಜಿ ಹಾಕಿದ್ದೇವೆ, ಮೊಬೈಲಿನಲ್ಲೇ ಉತ್ತರ ಬರಬೇಕು. ಬಂದಿಲ್ಲ. ‘ಏನೂ ಅಂದಿಲ್ಲವ್ವಾ’ ಎಂದರೆ ಅವಳಿಗೆ ನಂಬಿಕೆ ಬರುವುದಿಲ್ಲ. ಅವಳ ಆಯುಷ್ಯದಲ್ಲಿ ಕೆಲಸ ಕೇಳಿ ಹೋದವರಿಗೆ ಯಾರೂ ಏನೂ ಅನ್ನದೆ ಇದ್ದದ್ದಿಲ್ಲ. ‘ಬಾ’ ಅಂದಿದ್ದಾರೆ. ‘ಬ್ಯಾಡ’ ಅಂದಿದ್ದಾರೆ. ‘ದೂರ ನಿಂದ್ರು’ ಅಂದಿದ್ದಾರೆ. ಹಡೆದ ಅವ್ವನನ್ನು ಸೇರಿಸಿ ಬೈದಿದ್ದಾರೆ. ಸುಮ್ಮನೆ ಮಾತ್ರ ಇದ್ದಿಲ್ಲ.

ನಾವು ನಾಲ್ವರು. ಇಂಡಿ ತಾಲೂಕಿನವನೊಬ್ಬ, ಸಿಂದಗಿಯವನೊಬ್ಬ, ಮುದ್ದೇಬಿಹಾಳ ಸೀಮೆಯ ತಾಂಡಾದವಳೊಬ್ಬಳು, ಬಸವನ ಬಾಗೇವಾಡಿಯವನೊಬ್ಬ. ವಿಜಯಪುರದಲ್ಲಿ ಓದುವಾಗ ಕೂಡಿದವರು. ನಾಲ್ವರ ಮನೆಯಲ್ಲೂ ಡಿಗ್ರಿ ಎಂಬ ಕಾಗದ ಮೊದಲ ಸಲ ಹೊಸ್ತಿಲು ದಾಟಿದ್ದು ನಮ್ಮ ಕೈಯಲ್ಲಿ. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು ಇಟ್ಟ ಟ್ರಂಕಿನಲ್ಲೇ ಅವ್ವಂದಿರು ಅದನ್ನೂ ಮಡಚದೆ ಇಟ್ಟಿದ್ದಾರೆ. ಹೋದ ಯುಗಾದಿಯಿಂದ ಈ ಯುಗಾದಿಯ ತನಕ ನಾಲ್ವರೂ ಹಾಕಿದ ಅರ್ಜಿಗಳನ್ನು ಒಂದು ರಾತ್ರಿ ಕೂತು ಎಣಿಸಿದೆವು. 211 ಆದವು. ‘ನಿಮ್ಮನ್ನು ಆಯ್ಕೆ ಮಾಡಿಲ್ಲ’ ಎಂಬ ಉತ್ತರ ಬಂದದ್ದು 9ಕ್ಕೆ. ಇಂಟರ್‌ವ್ಯೂಗೆ ಕರೆದದ್ದು 4 ಕಡೆ. ರೊಕ್ಕ ಕೇಳಿದವರು 6. ಉಳಿದ 192 ಎಲ್ಲಿ ಹೋದವು? ಹಾಳುಬಾವಿಗೆ ಕಲ್ಲು ಒಗೆದರೂ ಬುಳುಕ್ ಅಂತ ಸಪ್ಪಳ ಬರುತ್ತದೆ. ಈ ಬಾವಿಗೆ ತಳವೇ ಇದ್ದಂತಿಲ್ಲ.

ನೌಕರಿ ಸಿಗಲಿಲ್ಲ ಎಂಬ ಅಳಲು ಹೊಸದೇನಲ್ಲ. ಅದನ್ನು ನಮಗಿಂತ ಹಿರಿಯರು ನಮಗಿಂತ ಚೊಲೋ ಬರೆದಿದ್ದಾರೆ. ನಾವು ಕೇಳಬೇಕೆಂದಿರುವುದು ಬೇರೆ. ಕೆಲಸ ಕೇಳಿ ಬಂದವನಿಗೆ ‘ಇಲ್ಲ’ ಎನ್ನುವ ಅಧಿಕಾರ ಇರುವವನಿಗೆ, ಅದನ್ನು ಬಾಯಿಬಿಟ್ಟು ಹೇಳುವ ಕರ್ತವ್ಯವೂ ಇದೆಯೋ ಇಲ್ಲವೋ? ಯಾಕೆ ಇಲ್ಲ ಎಂದು ತಿಳಿಸುವ ಋಣ ಇದೆಯೋ ಇಲ್ಲವೋ? ಹಸಿದವನ ಮುಂದೆ ಇದು ಸಣ್ಣ ಪ್ರಶ್ನೆ ಅನಿಸಬಹುದು. ನಮಗೂ ಮೊದಲು ಹಾಗೇ ಅನಿಸಿತ್ತು. 192 ಸಲ ಉತ್ತರ ಬಾರದೆ ಹೋದ ಮೇಲೆ ಈಗ ಹಾಗೆ ಅನಿಸುತ್ತಿಲ್ಲ.

*

ನಮ್ಮ ಅಪ್ಪಂದಿರ ನೌಕರಿ ಹುಡುಕಾಟ ಹ್ಯಾಂಗಿತ್ತು? ಬ್ಯಾಸಗಿ ಬಂದರೆ ಗುಳೆ. ಇಂಡಿಯವರು ಸೊಲ್ಲಾಪುರ, ಪುಣೆಗೆ. ಮುದ್ದೇಬಿಹಾಳ, ಬಾಗೇವಾಡಿ ಕಡೆಯವರು ಗೋವಾಕ್ಕೆ, ಮಂಗಳೂರಿಗೆ. ತಾಂಡಾದವರು ಕಬ್ಬು ಕಡಿಯಾಕ. ನಸುಕಿನಲ್ಲಿ ನಾಕಾದ ಮೇಲೆ ಸಲಿಕೆ ಬುಟ್ಟಿ ಹಿಡಿದು ನಿಲ್ಲಬೇಕು. ಮೇಸ್ತ್ರಿ ಬರುತ್ತಾನೆ. ತೋಳು ನೋಡುತ್ತಾನೆ, ವಯಸ್ಸು ನೋಡುತ್ತಾನೆ. ‘ನೀ ಬಾ, ನೀ ಬಾ, ಮುದುಕಾ ನೀ ಬ್ಯಾಡ.’ ಎತ್ತಿನ ಸಂತೆಯಲ್ಲಿ ಹಲ್ಲು ಎಣಿಸಿದ ಹಾಗೆ.

ಮುತ್ಯಾನ ಕಾಲ ಇನ್ನೂ ಹಿಂದಿನದು. ಗೌಡರ ವಾಡೆಯ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತು ‘ಕೆಲಸ ಏನರ ಐತೇನ್ರೀ ಯಪ್ಪಾ’ ಎನ್ನಬೇಕು. ಒಳಗಿನಿಂದ ಬರುತ್ತಿದ್ದ ಮಾತು ಏನೇ ಇರಲಿ, ಅದಕ್ಕೊಂದು ಬಾಯಿ ಇತ್ತು. ಬಾಯಿಗೊಂದು ಮುಖ ಇತ್ತು. ಮುಖಕ್ಕೊಂದು ಹೆಸರು ಇತ್ತು.

ಹಳೆಯ ಕಾಲ ಚೊಲೋ ಇತ್ತು ಎಂದು ನಾವು ಹೇಳುತ್ತಿಲ್ಲ. ಸುಡಲಿ ಆ ಕಾಲ. ನಾವು ಹೇಳುವುದು ಇಷ್ಟೇ: ಎದುರಿಗೆ ನಿಂತು ಅವಮಾನ ಮಾಡಿದವನ ಎದುರು ನಿಲ್ಲಲು ಬರುತ್ತದೆ. 1917ರಲ್ಲಿ ಅಂಬೇಡ್ಕರ್ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಕಚೇರಿಯ ಜವಾನರು ಅವರಿಗೆ ಫೈಲು ಕೈಗೆ ಕೊಡಲಿಲ್ಲ, ದೂರದಿಂದ ಒಗೆದರು. ಉಳಿದುಕೊಂಡಿದ್ದ ಪಾರ್ಸಿ ಛತ್ರದ ಬಾಗಿಲಿಗೆ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಆ ದಿನ ಅವರನ್ನು ಹೊರಹಾಕಿದವರು ಕಾರಣವನ್ನೂ ಮುಖದ ಮೇಲೆ ಹೇಳಿದ್ದರು: ನಿನ್ನ ಜಾತಿ. ಆ ಕಾರಣವನ್ನೇ ಹಿಡಿದು ಅವರು ಜೀವಮಾನವಿಡೀ ಅದರ ಬೇರು ಅಗೆದರು. ಕಾರಣ ಗೊತ್ತಿದ್ದದ್ದರಿಂದ ಅಗೆಯಲು ಜಾಗ ಸಿಕ್ಕಿತು.

ನಮಗೆ ಎಲ್ಲಿ ಅಗೆಯಬೇಕು ಅಂತ ಗೊತ್ತಿಲ್ಲ. ನಮ್ಮನ್ನು ಯಾರೂ ಹೊರಗೆ ಹಾಕಿಲ್ಲ. ಒಳಗೆ ಕರೆದಿಲ್ಲ, ಅಷ್ಟೇ.

*

ಈ ಹೊಸ ಅಗಸಿ ಹ್ಯಾಂಗ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಉದ್ಯೋಗ ವಿನಿಮಯ ಕಚೇರಿ ಇತ್ತು. ಈಗಲೂ ಇದೆ. ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕು ಎಂದು 1959ರ ಕಾಯ್ದೆ ಹೇಳುತ್ತಿತ್ತು. ಆದರೆ ಅಲ್ಲಿಂದಲೇ ಮಂದಿಯನ್ನು ತಗೋಬೇಕು ಎಂದು ಹೇಳುತ್ತಿರಲಿಲ್ಲ. ನಮ್ಮ ಊರಿನ ಹಿರಿಯರೊಬ್ಬರು ಆ ಕಾರ್ಡನ್ನು ವರ್ಷಗಟ್ಟಲೆ ನವೀಕರಿಸುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡರು. 1997ರಲ್ಲಿ ನೌಕ್ರಿ ಡಾಟ್ ಕಾಮ್ ಶುರುವಾಯಿತು. 2015ರಲ್ಲಿ ಕೇಂದ್ರ ಸರಕಾರವೇ ರಾಷ್ಟ್ರೀಯ ವೃತ್ತಿ ಸೇವೆ ಎಂಬ ಪೋರ್ಟಲ್ ತೆರೆಯಿತು. ಈಗ ನಾಕಾ ನಮ್ಮ ಕಿಸೆಯಲ್ಲೇ ಇದೆ. ಹೊಲದ ಬದುವಿನ ಮೇಲೆ, ನೆಟ್‌ವರ್ಕ್ ಸಿಗುವ ಬೇವಿನ ಗಿಡದ ಕೆಳಗೆ ನಿಂತು ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕಬಹುದು. ಎಲ್ಲರಿಗೂ ಬಾಗಿಲು ತೆರೆದಿದೆ ಎನ್ನುತ್ತಾರೆ.

ತೆರೆದ ಬಾಗಿಲಿನ ಹಿಂದೆ ಒಂದು ಸಾಣಿಗಿ ಇದೆ. ದೊಡ್ಡ ಕಂಪನಿಗಳಲ್ಲಿ ಒಂದು ಹುದ್ದೆಗೆ ಸಾವಿರಗಟ್ಟಲೆ ಅರ್ಜಿ ಬಿದ್ದಾಗ ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಸಾಫ್ಟ್‌ವೇರು ಅವನ್ನು ಜರಡಿ ಹಿಡಿಯುತ್ತದೆ. ಜಾಹೀರಾತಿನಲ್ಲಿರುವ ಶಬ್ದ ನಮ್ಮ ಅರ್ಜಿಯಲ್ಲಿ ಇದೆಯೋ? ಎರಡು ವರ್ಷದ ಅನುಭವ ಇದೆಯೋ? ಇಂಗ್ಲಿಷ್ ಎಷ್ಟು? ಇರುವ ಊರು ಎಷ್ಟು ದೂರ? ಹೀಗೆ ಅಂಕ ಕೊಟ್ಟು ಸಾಲು ಹಚ್ಚುತ್ತದೆ. ಸಾಲಿನ ಮುಂದಿನ ಕೆಲವನ್ನು ಮನುಷ್ಯ ನೋಡುತ್ತಾನೆ. ಹಿಂದಿನವನ್ನು ಯಾರೂ ನೋಡುವುದಿಲ್ಲ. ನಮ್ಮ 192 ಅರ್ಜಿಗಳಲ್ಲಿ ಎಷ್ಟನ್ನು ಮನುಷ್ಯರು ಓದಿದರು? ಒಂದನ್ನೂ ಓದದೆ ಇರಬಹುದು. ಯಾರೂ ಓದದ ಅರ್ಜಿಯನ್ನು ಯಾರೂ ತಿರಸ್ಕರಿಸಿಯೂ ಇಲ್ಲ. ಹಾಗಾದರೆ ನಮ್ಮನ್ನು ಬೇಡ ಅಂದವರು ಯಾರು?

ಯಂತ್ರಕ್ಕೆ ಜಾತಿ ಇಲ್ಲ ಎಂದು ಕಾಲೇಜಿನಲ್ಲಿ ಒಬ್ಬ ಗೆಳೆಯ ವಾದಿಸುತ್ತಿದ್ದ. ಮೇಸ್ತ್ರಿಗೆ ಮುಲಾಜು ಇರುತ್ತದೆ, ಗೌಡನಿಗೆ ಸೊಕ್ಕು ಇರುತ್ತದೆ, ಕಂಪ್ಯೂಟರಿಗೆ ಎರಡೂ ಇಲ್ಲ. ನಮ್ಮಂಥವರಿಗೆ ಇದೇ ಚೊಲೋ ಎನ್ನುತ್ತಿದ್ದ. ಆ ಮಾತಿನಲ್ಲಿ ಆಸೆ ಇತ್ತು, ನಾವೂ ನಂಬಿದ್ದೆವು. ಆದರೆ ಸಾಣಿಗಿಯ ತೂತು ಎಷ್ಟು ದೊಡ್ಡದಿರಬೇಕು ಅಂತ ಮಾಡುವವ ಮನುಷ್ಯನೇ. ಅಮೆಜಾನ್ ಕಂಪನಿ ಅರ್ಜಿ ಆರಿಸುವ ಒಂದು ಯಂತ್ರಬುದ್ಧಿ ತಯಾರಿಸಿ ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಿತ್ತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳನ್ನು ಅದಕ್ಕೆ ಪಾಠವಾಗಿ ಕೊಟ್ಟಿದ್ದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ಪಾಠವನ್ನು ಚೆನ್ನಾಗಿ ಕಲಿಯಿತು: ಹೆಂಗಸರ ಅರ್ಜಿಗಳಿಗೆ ಅಂಕ ಕಡಿಮೆ ಮಾಡತೊಡಗಿತು. ಯಂತ್ರ ಹಳೆಯ ಮಂದಿಯ ಹಳೆಯ ಚಾಳಿಯನ್ನು ಓದಿಕೊಂಡು ಹೊಸ ತೀರ್ಪು ಬರೆಯುತ್ತದೆ. ಮನುಧರ್ಮಶಾಸ್ತ್ರವನ್ನು ಅದಕ್ಕೆ ಯಾರೂ ಓದಿಸಬೇಕಾಗಿಲ್ಲ. ನಮ್ಮ ದೇಶದ ಕಚೇರಿಗಳ ಹಾಜರಿ ಪುಸ್ತಕ ಓದಿಸಿದರೆ ಸಾಕು.

ನಮ್ಮ ದೇಶದ ಹಾಜರಿ ಪುಸ್ತಕ ಹೇಗಿದೆ? ಸುಖದೇವ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಥರದ ಓದು, ಒಂದೇ ಥರದ ಅನುಭವ ಬರೆದ ಅರ್ಜಿಗಳನ್ನು ಕಳಿಸಿದರು. ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆಗೆ ಹೋಲಿಸಿದರೆ ದಲಿತ ಹೆಸರಿಗೆ ಇದ್ದದ್ದು ಸುಮಾರು ಮೂರನೇ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರನೇ ಒಂದು ಪಾಲು. ಇಂಟರ್‌ವ್ಯೂ ಆಗಿರಲಿಲ್ಲ. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಹೆಸರೇ ಮುಖವಾಗಿತ್ತು.

ನಮ್ಮ ಹೆಸರುಗಳೋ! ಶಾಲೆಗೆ ಹಾಕುವ ದಿನ ಮಾಸ್ತರರು ಅಪ್ಪನನ್ನು ‘ಅಡ್ಡಹೆಸರೇನೋ?’ ಎಂದು ಕೇಳಿದರು. ಅಪ್ಪನಿಗೆ ಅಡ್ಡಹೆಸರು ಗೊತ್ತಿರಲಿಲ್ಲ. ಜಾತಿ ಗೊತ್ತಿತ್ತು. ಅದನ್ನೇ ಬರೆದುಕೊಂಡರು. ಹಾಗಾಗಿ ನಮ್ಮ ಸೀಮೆಯಲ್ಲಿ ಮಾದರ, ಹರಿಜನ, ಚಲವಾದಿ ಎಂಬುವು ಅಡ್ಡಹೆಸರುಗಳಾಗಿ ಮಾರ್ಕ್ಸ್ ಕಾರ್ಡಿನ ತುಂಬ ಕೂತಿವೆ. ‘ನಿಮ್ಮ ಪೂರ್ಣ ಹೆಸರು’ ಎಂದು ಮೊಬೈಲು ಕೇಳಿದಾಗ ನಾವು ಬರೆಯುವುದು ಬರೀ ಹೆಸರಲ್ಲ, ಮುತ್ಯಾ ನಿಂತಿದ್ದ ಜಾಗದ ವಿಳಾಸ.

ಹಾಗೆಂದು ನಮ್ಮ 192 ಅರ್ಜಿಗಳೂ ಹೆಸರಿನಿಂದಲೇ ಸತ್ತವು ಎಂದು ನಾವು ಸಾಧಿಸಲಾರೆವು. ಕೆಲವಕ್ಕೆ ನಮ್ಮ ಓದು ಸಾಲದೆ ಇರಬಹುದು. ಕೆಲವಕ್ಕೆ ಇಂಗ್ಲಿಷು. ಕೆಲವು ಜಾಗ ಮೊದಲೇ ತುಂಬಿರಬಹುದು. ನಮ್ಮ ಮಾತು ಇರುವುದೇ ಇಲ್ಲಿ. ಯಾವುದು ಯಾಕೆ ಎಂದು ನಮಗೆ ತಿಳಿಯದ ಹಾಗೆ ಮಾಡಿಟ್ಟಿದ್ದಾರೆ. ಅನ್ಯಾಯ ಆಗಿದ್ದರೂ ಗೊತ್ತಾಗುವುದಿಲ್ಲ. ಆಗಿರದಿದ್ದರೂ ಗೊತ್ತಾಗುವುದಿಲ್ಲ.

*

ಕಾರಣ ಹೇಳದೆ ಹೋದರೆ ಏನಾಗುತ್ತದೆ? ಕಾರಣ ಇಲ್ಲದೆ ಮನುಷ್ಯ ಬದುಕಲಾರ. ಬೇರೆಯವರು ಕೊಡದಿದ್ದರೆ ತಾನೇ ಕಟ್ಟಿಕೊಳ್ಳುತ್ತಾನೆ.

ಇಂಡಿಯ ಗೆಳೆಯ ಕಟ್ಟಿಕೊಂಡ ಕಾರಣ: ‘ನನ್ನ ಇಂಗ್ಲಿಷ್ ಸುಮಾರ ಅದ.’ ಲಿಂಬೆ ತೋಟದ ಕೂಲಿಗೆ ಹೋಗಿ ಬಂದು ರಾತ್ರಿ ಹನ್ನೆರಡರ ತನಕ ಮೊಬೈಲಿನಲ್ಲಿ ಇಂಗ್ಲಿಷ್ ಕೇಳುತ್ತಾನೆ. ಅವನ ಇಂಗ್ಲಿಷ್ ಈಗ ನಮ್ಮೆಲ್ಲರಿಗಿಂತ ಚೊಲೋ. ಉತ್ತರ ಮಾತ್ರ ಬಂದಿಲ್ಲ. ಮುದ್ದೇಬಿಹಾಳದ ಗೆಳತಿ ಕಟ್ಟಿಕೊಂಡ ಕಾರಣ: ‘ನನ್ನ ಫೋಟೋ ಛಲೋ ಬಂದಿಲ್ಲ.’ ಎರಡು ಸಲ ಸ್ಟುಡಿಯೋಕ್ಕೆ ಹೋಗಿ ತೆಗೆಸಿದಳು. ಅವರ ಮನೆಯಲ್ಲಿ ಇರುವುದು ಒಂದೇ ಮೊಬೈಲು, ಅದು ಅಣ್ಣನ ಕೈಯಲ್ಲಿ. ಅಣ್ಣ ಗೋವಾದಲ್ಲಿ. ಓಟಿಪಿ ಅಲ್ಲಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬರುವುದರೊಳಗೆ ಸಮಯ ಮುಗಿದಿರುತ್ತದೆ. ಅದನ್ನು ಅವಳು ಕಾರಣವೆಂದು ಎಣಿಸಲೇ ಇಲ್ಲ. ಮುಖವನ್ನು ಎಣಿಸಿದಳು. ಸಿಂದಗಿಯವ ಅಡ್ಡಹೆಸರು ತೆಗೆದು ಊರ ಹೆಸರು ಹಚ್ಚಿಕೊಂಡ. ಆಮೇಲೆ ಸರ್ಟಿಫಿಕೇಟಿಗೂ ಅರ್ಜಿಗೂ ಹೆಸರು ಹೊಂದದೆ ಒದ್ದಾಡಿದ.

ಹೆಸರು ಬದಲಿಸಿದ್ದು ಸುಳ್ಳೋ ಅಲ್ಲವೋ ಎಂದು ಒಂದು ರಾತ್ರಿ ನಾಲ್ವರೂ ಜಗಳಾಡಿದೆವು. ಅಪ್ಪ ಕೊಟ್ಟ ಹೆಸರು ಮುಚ್ಚಿಡುವುದು ಅಪ್ಪನನ್ನೇ ಮುಚ್ಚಿಟ್ಟಂತೆ ಎಂದು ಒಬ್ಬ. ಅದು ಅಪ್ಪ ಕೊಟ್ಟದ್ದಲ್ಲ, ಮಾಸ್ತರರು ಬರೆದದ್ದು, ಅಳಿಸಿದರೆ ಪಾಪವಿಲ್ಲ ಎಂದು ಇನ್ನೊಬ್ಬ. ಕಡೆಗೆ ಬಾಗೇವಾಡಿಯವ ಅಂದ: ‘ಹೆಸರಿನಿಂದಾನ ಬ್ಯಾಡ ಅಂದಾರು ಅಂತ ನಿನಗ ಯಾರು ಹೇಳಿದ್ರು?’ ಯಾರೂ ಹೇಳಿರಲಿಲ್ಲ. ಯಾರೂ ಹೇಳದ ಕಾರಣಕ್ಕಾಗಿ ಒಬ್ಬ ತನ್ನ ಹೆಸರನ್ನೇ ಕಿತ್ತು ಹಾಕಿಕೊಂಡಿದ್ದ. ನಾವು ಸುಮ್ಮನಾದೆವು.

ಗೌಡ ಬೈದರೆ ಸಿಟ್ಟು ಬರುತ್ತಿತ್ತು. ಈ ಮೌನದಿಂದ ಸಿಟ್ಟು ಬರುವುದಿಲ್ಲ, ನಾಚಿಕೆ ಬರುತ್ತದೆ. ಸಿಟ್ಟು ಹೊರಗೆ ನೋಡುತ್ತದೆ, ನಾಚಿಕೆ ಒಳಗೆ ಕೊರೆಯುತ್ತದೆ. ಸಿಟ್ಟು ಹತ್ತು ಮಂದಿಯನ್ನು ಕೂಡಿಸುತ್ತದೆ. ನಾಚಿಕೆ ಇದ್ದವರನ್ನೂ ಬಿಡಿಸಿ ಒಬ್ಬೊಬ್ಬನನ್ನು ಒಂದೊಂದು ಮೂಲೆಗೆ ಕೂರಿಸುತ್ತದೆ. ಸಂತೆಯಲ್ಲಿ ಹಳೆಯ ಮಾಸ್ತರರು ಕಂಡರೆ ಹಾದಿ ತಪ್ಪಿಸಿ ಹೋಗುತ್ತೇವೆ. ಮದುವೆ ಮನೆಯಲ್ಲಿ ‘ಈಗ ಏನ್ ಮಾಡಾಕ್ಹತ್ತೀ?’ ಎಂದು ಕೇಳುವ ಸೋದರಮಾವನಿಗೆ ಹೆದರುತ್ತೇವೆ. 2022–23ರ ಸರಕಾರಿ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ನಿರುದ್ಯೋಗ ನೂರಕ್ಕೆ ಸುಮಾರು 3. ಪದವೀಧರರಲ್ಲಿ ಅದು ನೂರಕ್ಕೆ ಸುಮಾರು 13. ಅಂದರೆ ಈ ನಾಚಿಕೆ ಲಕ್ಷಗಟ್ಟಲೆ ಮಂದಿಯದು. ಆದರೂ ಪ್ರತಿಯೊಬ್ಬನೂ ಅದನ್ನು ತನ್ನ ಸ್ವಂತದ್ದು ಎಂದು ಹೊತ್ತುಕೊಂಡು ತಿರುಗುತ್ತಿದ್ದಾನೆ.

ಈ ಮೌನದ ಇನ್ನೊಂದು ಫಲ ಹೇಳಬೇಕು. ಎಲ್ಲರೂ ಸುಮ್ಮನಿರುವ ಪೇಟೆಯಲ್ಲಿ ಉತ್ತರ ಕೊಡುವವನು ಮೋಸಗಾರ ಒಬ್ಬನೇ. ಅವನು ಕೂಡಲೇ ಉತ್ತರಿಸುತ್ತಾನೆ. ‘ಸರ್’ ಎನ್ನುತ್ತಾನೆ. ನಮ್ಮ ಹೆಸರು ಹಿಡಿದು ಕರೆಯುತ್ತಾನೆ. ‘ನಿಮ್ಮ ಪ್ರೊಫೈಲ್ ನಮಗೆ ಹಿಡಿಸಿದೆ’ ಎನ್ನುತ್ತಾನೆ. ಜೀವನದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಆಮೇಲೆ ನೋಂದಣಿ ಶುಲ್ಕ, ಟ್ರೇನಿಂಗ್ ಶುಲ್ಕ, ಲ್ಯಾಪ್‌ಟಾಪಿನ ಡಿಪಾಸಿಟ್ಟು. ನಮ್ಮಲ್ಲೊಬ್ಬನ ಮನೆಯ ಆಡು ಹಾಗೇ ಹೋಯಿತು. ಅವನನ್ನು ದಡ್ಡ ಎಂದು ಬೈದವರಿದ್ದಾರೆ. ಅವನು ದಡ್ಡನಲ್ಲ. ವರ್ಷಗಟ್ಟಲೆ ಬಾಯಾರಿದವ, ಮೊದಲು ಕಂಡ ನೀರಿಗೆ ಬಾಯಿ ಹಚ್ಚಿದ. ನೌಕರಿ ಕೊಡುವವ ರೊಕ್ಕ ಕೇಳಿದರೆ ಅದು ನೌಕರಿಯಲ್ಲ. ಇಷ್ಟನ್ನು ಪ್ರತಿ ಹಳ್ಳಿಯ ಮಾಸ್ತರರು ಹುಡುಗರಿಗೆ ಹೇಳಿಕೊಡಬೇಕು. ರೊಕ್ಕ ಹೋದ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ನಾಚಿಕೊಂಡು ತಡ ಮಾಡಬಾರದು ಎಂಬುದನ್ನೂ.

*

ಹಾಗಾದರೆ ಸರಕಾರದ ಬಾಗಿಲು ಚೊಲೋ ಇದೆಯೇ? ಅದನ್ನೂ ನೋಡಿದ್ದೇವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿಯ ವಯಸ್ಸು ಓಡಿಹೋಯಿತು. 2024ರ ಆಗಸ್ಟಿನ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಕನ್ನಡಿಗರಿಗೇ ತಿಳಿಯದ ಹಾಗೆ ಅನುವಾದವಾಗಿದ್ದವು. ಡಿಸೆಂಬರಿನಲ್ಲಿ ಮರುಪರೀಕ್ಷೆ ಮಾಡಿದರು, ಅದರಲ್ಲೂ ತಪ್ಪುಗಳಿದ್ದವು. ಸಿಂದಗಿಯ ಗೆಳೆಯನಿಗೆ ಇನ್ನೊಂದು ಸಂಕಟ. ಭೀಮಾ ನದಿಯ ಆಚೆ ಅಫಜಲಪುರ. ಅದು ಕಲಬುರಗಿ ಜಿಲ್ಲೆ. 2013ರಲ್ಲಿ ಜಾರಿಗೆ ಬಂದ 371(ಜೆ) ಅಡಿಯ ಮೀಸಲಾತಿ ಅಲ್ಲಿನವರಿಗೆ ಇದೆ. ನದಿಯ ಈಚೆ ನಮ್ಮದು ವಿಜಯಪುರ ಜಿಲ್ಲೆ, ನಮಗೆ ಇಲ್ಲ. ಅದೇ ಬಿಸಿಲು, ಅದೇ ಎರೆಮಣ್ಣು, ಅದೇ ತೊಗರಿ. ಆಚೆಯವರಿಗೆ ಸಿಕ್ಕದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ, ಸಿಗಲಿ. ನಮ್ಮ ಬಡತನವನ್ನು ನದಿ ಗುರುತಿಸಲಿಲ್ಲ ಎಂಬುದಷ್ಟೇ ದುಃಖ.

ಯುವನಿಧಿಯ ಕಥೆಯೂ ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಯಾದ ಯೋಜನೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆ ರೊಕ್ಕದಿಂದ ನಮ್ಮ ಮನೆಗಳಿಗೆ ಎಣ್ಣೆ ಬಂದಿದೆ, ಪರೀಕ್ಷೆಯ ಶುಲ್ಕ ತುಂಬಿದ್ದೇವೆ, ಹಂಗಿಸುವುದಿಲ್ಲ. ಆದರೆ ಅದನ್ನು ಪಡೆಯಲು ಕಾಲಕಾಲಕ್ಕೆ ‘ನಾನು ಇನ್ನೂ ನಿರುದ್ಯೋಗಿ’ ಎಂದು ನಾವೇ ಆನ್‌ಲೈನಿನಲ್ಲಿ ಘೋಷಿಸಬೇಕು. ಒಂದು ವಿಚಿತ್ರ ನೋಡಿರಿ. ನಮಗೆ ಕೆಲಸ ಸಿಕ್ಕಿಲ್ಲ ಎಂದು ಸಾಕ್ಷಿ ಹೇಳುವ ಹೊಣೆ ನಮ್ಮ ಮೇಲಿದೆ. ಯಾಕೆ ಕೊಡಲಿಲ್ಲ ಎಂದು ಸಾಕ್ಷಿ ಹೇಳುವ ಹೊಣೆ ಯಾರ ಮೇಲೂ ಇಲ್ಲ.

ಇಷ್ಟಾದರೂ ಸರಕಾರದ ಬಾಗಿಲಿಗೂ ಖಾಸಗಿ ಬಾಗಿಲಿಗೂ ಒಂದು ವ್ಯತ್ಯಾಸ ಇದೆ. ಅದನ್ನು ನಾವು ಮರೆಯಬಾರದು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಮನ್ನು ಎಷ್ಟು ಮಂದಿ ಓದಿದ್ದೇವೆ? ಸಾರ್ವಜನಿಕ ಕಚೇರಿಯು ತನ್ನ ಆಡಳಿತಾತ್ಮಕ ನಿರ್ಣಯದಿಂದ ಬಾಧಿತರಾದವರಿಗೆ ಆ ನಿರ್ಣಯದ ಕಾರಣ ತಿಳಿಸಬೇಕು ಎಂದು ಅದು ಹೇಳುತ್ತದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಬಿಪಿಎಲ್ ಆಗಿದ್ದರೆ ಅದೂ ಬೇಡ. ಪಿಎಸ್‌ಐ ಅಕ್ರಮ ಬಯಲಾದದ್ದು ಉತ್ತರ ಪತ್ರಿಕೆ ಎಂಬ ಕಾಗದ ಒಂದಿತ್ತು, ಅಂಕಪಟ್ಟಿ ಎಂಬುದು ಎಲ್ಲರ ಕಣ್ಣ ಮುಂದೆ ಇತ್ತು ಎಂಬ ಕಾರಣಕ್ಕೆ. ಖಾಸಗಿ ಕಂಪನಿಯ ಸಾಣಿಗಿಗೆ ಅಂಥ ಕಾಗದ ಯಾವುದೂ ನಮ್ಮ ಕೈಗೆ ಸಿಗುವುದಿಲ್ಲ. ಅಲ್ಲಿ ಮೀಸಲಾತಿ ಇಲ್ಲ, ಮಾಹಿತಿ ಹಕ್ಕೂ ಇಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಪಾಲು ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಸಿಡಿದೆದ್ದರು. ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ಅವರ ‘ಬ್ಯಾಡ’ ಎಂಬ ಒಂದು ಮಾತಿಗೆ ಸರಕಾರ ಎರಡು ದಿನದಲ್ಲಿ ಉತ್ತರ ಕೊಟ್ಟಿತು. ನಮ್ಮ 192 ಅರ್ಜಿಗಳು ಇನ್ನೂ ಕಾಯುತ್ತಿವೆ.

*

ಈ ಮಾತಿಗೆ ಬರುವ ಆಕ್ಷೇಪಗಳನ್ನು ನಾವೇ ಎತ್ತಿಕೊಳ್ಳುತ್ತೇವೆ.

ಸಾವಿರಾರು ಅರ್ಜಿ ಬರುತ್ತವೆ, ಎಲ್ಲರಿಗೂ ಕಾರಣ ಬರೆಯುತ್ತಾ ಕೂರಲು ಆಗುತ್ತದೆಯೇ ಎನ್ನುತ್ತಾರೆ. ಕೈಯಲ್ಲಿ ಬರೆಯುವ ಕಾಲದಲ್ಲಿ ಈ ಮಾತಿಗೆ ಬೆಲೆ ಇತ್ತು. ಈಗ ಇಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹತ್ತು ಸಾವಿರ ಅರ್ಜಿಗಳನ್ನು ಬೇಡ ಎಂದು ಬದಿಗೆ ಸರಿಸುವ ಯಂತ್ರಕ್ಕೆ, ಯಾಕೆ ಸರಿಸಿದೆ ಎಂದು ಒಂದು ಸಾಲು ಬರೆಯಲು ಇನ್ನೊಂದು ಸಲ ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಸಾಕು. ಅನುಭವ ಕಡಿಮೆ, ಜಾಗ ತುಂಬಿದೆ, ಈ ಕೌಶಲ ಇಲ್ಲ, ಏನಿದೆಯೋ ಅದು. ಬರೆಯುವುದಿಲ್ಲವೆಂದರೆ ಬರೆಯಲು ಆಗದು ಎಂದಲ್ಲ, ಬರೆಯುವ ಮನಸ್ಸಿಲ್ಲ ಎಂದು.

ಕಾರಣ ಕೊಟ್ಟರೂ ಸುಳ್ಳು ಕಾರಣ ಕೊಡುತ್ತಾರೆ ಎನ್ನುವವರಿದ್ದಾರೆ. ಕೊಡಲಿ. ಸುಳ್ಳನ್ನು ಹಿಡಿಯಬಹುದು. ಒಂದೇ ಓದಿನ ಹತ್ತು ಮಂದಿಗೆ ಕೊಟ್ಟ ಹತ್ತು ಕಾರಣಗಳನ್ನು ಪಕ್ಕ ಪಕ್ಕ ಇಟ್ಟರೆ ಸುಳ್ಳು ತಾನೇ ಬಾಯಿ ಬಿಡುತ್ತದೆ. ಮೌನವನ್ನು ಮಾತ್ರ ಯಾವುದರ ಪಕ್ಕ ಇಡಲೂ ಬರುವುದಿಲ್ಲ. ಬೇರೆ ಕಡೆ ಇದರ ಬಗ್ಗೆ ಕಾನೂನು ಆಗುತ್ತಿದೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ, ನೌಕರಿಗೆ ಆರಿಸುವ ಯಂತ್ರವನ್ನು ಬಳಸುವ ಕಂಪನಿ ಅದರ ಪಕ್ಷಪಾತದ ತಪಾಸಣೆ ಮಾಡಿಸಬೇಕು, ಅರ್ಜಿದಾರರಿಗೆ ಮೊದಲೇ ತಿಳಿಸಬೇಕು. ಅದು ಪೂರ್ಣವಾದ ಕಾನೂನಲ್ಲ. ಆದರೂ ‘ಇಲ್ಲೊಂದು ಯಂತ್ರ ಕೂತಿದೆ’ ಎಂದು ಹೇಳಲಿಕ್ಕಾದರೂ ಅಲ್ಲಿ ಬಾಯಿ ಬಂದಿದೆ.

ಮೂರನೆಯ ಆಕ್ಷೇಪ ನಮ್ಮವರದೇ. ‘ನೌಕ್ರಿ ನೌಕ್ರಿ ಅಂತ ಯಾಕ ಸಾಯತೀರಿ? ಯಾವ ಕೆಲಸ ಆದ್ರೇನು? ಕಾಯಕ ಮಾಡ್ರಿ.’ ಹೇಳುವವರು ಬಸವಣ್ಣನ ಹೆಸರು ಹೇಳುತ್ತಾರೆ. ನಮ್ಮಲ್ಲೊಬ್ಬ ಬಸವಣ್ಣ ಹುಟ್ಟಿದ ಬಾಗೇವಾಡಿಯವನೇ. ಹನ್ನೆರಡನೇ ಶತಮಾನದಲ್ಲಿ ಶರಣರು ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ್ದು, ಚಪ್ಪಲಿ ಹೊಲೆಯುವವನನ್ನು ಚಪ್ಪಲಿಯಲ್ಲೇ ಇರಿಸಬೇಕೆಂದಲ್ಲ. ಅವನನ್ನು ಮಂತ್ರಿಯ ಸಮಕ್ಕೆ ಕೂರಿಸಲು. ಹುಟ್ಟಿನಿಂದ ಕೆಲಸ ಹಂಚುವ ಈ ಪದ್ಧತಿ ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಒಬ್ಬರ ಕೆಳಗೊಬ್ಬರಂತೆ ವಿಂಗಡಿಸಿ ಇಟ್ಟಿದೆ ಎಂದು ಅಂಬೇಡ್ಕರ್ 1936ರಲ್ಲಿ ವಾದಿಸಿದರು. ಡಿಗ್ರಿ ಓದಿದ ಮಾದರ ಹುಡುಗನಿಗೆ ‘ಯಾವುದಾದರೂ ಕೆಲಸ ಮಾಡು’ ಎನ್ನುವ ಮಾತಿನ ಒಳಗೆ ‘ನಿನ್ನ ಹಳೆಯ ಕೆಲಸಕ್ಕೆ ಹೋಗು’ ಎಂಬ ಮಾತು ಅಡಗಿ ಕೂತಿರುತ್ತದೆ. ನಾವು ಕೂಲಿಗೆ ಹೋಗುತ್ತಿದ್ದೇವೆ, ಕೂಲಿಗೆ ನಾಚಿಲ್ಲ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೆ. ರಾತ್ರಿ ಅದರ ದೀಪಗಳು ದೂರದಿಂದ ಕಾಣುತ್ತವೆ. ಆ ಬೆಳಕನ್ನು ನೋಡುತ್ತಾ ಮೊಬೈಲಿನಲ್ಲಿ ಅರ್ಜಿ ತುಂಬುವ ಹುಡುಗನಿಗೆ, ‘ನಿನಗೆ ಅಲ್ಲಿ ಯಾಕೆ ಜಾಗವಿಲ್ಲ’ ಎಂಬುದನ್ನು ತಿಳಿಯುವ ಹಕ್ಕಾದರೂ ಇರಬೇಡವೇ?

ನಮ್ಮ ತೀರ್ಮಾನ ಇದು. ಕಾರಣ ಹೇಳುವುದು ದಯೆ ಅಲ್ಲ, ಸೌಜನ್ಯವೂ ಅಲ್ಲ. ಅದು ಎದುರಿಗಿರುವವನನ್ನು ಮನುಷ್ಯನೆಂದು ಒಪ್ಪುವ ಮೊದಲ ಮೆಟ್ಟಿಲು. ಕಲ್ಲಿಗೆ ಯಾರೂ ಕಾರಣ ಹೇಳುವುದಿಲ್ಲ, ದನಕ್ಕೆ ಹೇಳುವುದಿಲ್ಲ. ತನ್ನ ನೆರಳು ಬೀಳಬಾರದವನಿಗೆ ಊರು ಕಾರಣ ಹೇಳುತ್ತಿರಲಿಲ್ಲ, ಕೇಳಿದರೆ ಹೊಡೆಯುತ್ತಿತ್ತು. ಉತ್ತರ ಕೊಡದಿರುವುದೂ ಮುಟ್ಟಿಸಿಕೊಳ್ಳದಿರುವ ಒಂದು ರೀತಿಯೇ. ಅದಕ್ಕೆ ಮಡಿಯ ಬಟ್ಟೆ ಬೇಡ, ಸರ್ವರ್ ಇದ್ದರೆ ಸಾಕು.

*

ನಾವು ದೊಡ್ಡ ಸಂಘ ಕಟ್ಟಿಲ್ಲ. ಒಂದು ಉದ್ದನೆಯ ನೋಟ್‌ಬುಕ್ ತಂದಿದ್ದೇವೆ, ಕಿರಾಣಿ ಅಂಗಡಿಯ ಉದ್ರಿ ವಹಿಯಂಥದ್ದು. ಪ್ರತಿ ಭಾನುವಾರ ಒಂದು ಕಡೆ ಕೂಡುತ್ತೇವೆ, ಒಂದೊಂದು ವಾರ ಒಂದೊಂದು ತಾಲೂಕಿನಲ್ಲಿ. ಅದರಲ್ಲಿ ಐದು ಕಲಮು: ತಾರೀಖು, ಯಾರಿಗೆ ಅರ್ಜಿ, ಏನು ಕೇಳಿದರು, ಏನು ಬರೆದೆವು, ಏನಂದರು. ನಾಲ್ವರು ಇದ್ದದ್ದು ಈಗ ಹದಿನೇಳು ಮಂದಿ ಆಗಿದ್ದೇವೆ. ಮುದ್ದೇಬಿಹಾಳದ ಗೆಳತಿಯ ಓಟಿಪಿ ಈಗ ಬೇರೊಬ್ಬ ಗೆಳತಿಯ ಮೊಬೈಲಿಗೆ ಬರುತ್ತದೆ. ಸರಕಾರಿ ಅರ್ಜಿಗಳಿಗೆ ಕಾರಣ ಕೇಳಿ ಮಾಹಿತಿ ಹಕ್ಕಿನಡಿ ಬರೆಯುತ್ತೇವೆ. ಖಾಸಗಿಯವರಿಗೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ‘ಕಾರಣ ತಿಳಿಸಿರಿ’ ಎಂದು ಒಂದು ಸಾಲು ಕಳಿಸುತ್ತೇವೆ. ಇಲ್ಲಿಯ ತನಕ ಇಬ್ಬರು ಉತ್ತರ ಕೊಟ್ಟಿದ್ದಾರೆ. ಒಬ್ಬರು ಹುದ್ದೆ ತುಂಬಿದೆ ಎಂದರು. ಇನ್ನೊಬ್ಬರು ಇಂತಿಂಥ ಕೋರ್ಸು ಬೇಕಿತ್ತು ಎಂದರು. ಆ ಎರಡು ‘ಇಲ್ಲ’ಗಳು ಬಂದ ದಿನ ನಾವು ಚಹಾ ಕುಡಿದು ಸಂತೋಷಪಟ್ಟೆವು ಎಂದರೆ ನಗಬೇಡಿರಿ.

ಹಳ್ಳಿಯ ಮಾಸ್ತರರಿಗೆ, ಟೀಚರಮ್ಮರಿಗೆ ನಮ್ಮ ಕೋರಿಕೆ ಇಷ್ಟು: ನಿಮ್ಮ ಊರಿನ ಓದಿದ ಹುಡುಗ ಹುಡುಗಿಯರನ್ನು ಒಂದು ವಹಿಯ ಸುತ್ತ ಕೂರಿಸಿರಿ. ಒಬ್ಬೊಬ್ಬರೇ ಕತ್ತಲೆಯಲ್ಲಿ ಮೊಬೈಲು ನೋಡುವುದನ್ನು ಬಿಡಿಸಿರಿ. ಹೋರಾಟಗಾರ ಗೆಳೆಯರಿಗೆ ಇನ್ನೊಂದು: ಖಾಸಗಿ ಮೀಸಲಾತಿ ಕೇಳುವ ನಿಮ್ಮ ಬೇಡಿಕೆಯ ಪಟ್ಟಿಯಲ್ಲಿ ‘ಕಾರಣ ಹೇಳುವ ಕಾಯ್ದೆ’ ಎಂಬುದನ್ನೂ ಸೇರಿಸಿರಿ. ಪಾಲು ಕೊಡದವನು ಯಾಕೆ ಕೊಡಲಿಲ್ಲ ಎಂದಾದರೂ ಹೇಳಲಿ. ಹೇಳಿದ ದಿನ ಪಾಲು ಕೇಳುವುದಕ್ಕೆ ನಮಗೆ ಜಾಗ ಸಿಗುತ್ತದೆ.

ನಿನ್ನೆ ಅವ್ವ ಮತ್ತೆ ಕೇಳಿದಳು: ‘ಏನಂದ್ರಪ್ಪಾ ಅವರು?’ ವಹಿ ತೆಗೆದು ಕಡೆಯ ಕಲಮು ತೋರಿಸಿದೆವು. ಅವಳಿಗೆ ಓದಲು ಬರುವುದಿಲ್ಲ. ಆದರೆ ಖಾಲಿ ಜಾಗ ಖಾಲಿ ಎಂದು ಕಾಣುತ್ತದೆ. ಬೆರಳಿನಿಂದ ಮೇಲಿನಿಂದ ಕೆಳಗಿನ ತನಕ ಸವರಿದಳು.

‘ಇಷ್ಟು ಮಂದಿ ನಿಮಗ ಮಾತು ಬಾಕಿ ಇಟ್ಟಾರಲ್ಲೋ,’ ಎಂದಳು. ‘ಬಾಕಿ ಬಿಡಬ್ಯಾಡ್ರಿ.’